ಬಾಗು, ಬಳುಕು, ಬಿರಿ: ಚೌಕಟ್ಟಿನ ಪಾಠಕ್ಕೆ ಬೇಕಾದ ಕ್ರಿಯಾಪದಗಳು

ಕಳೆದ ಮಳೆಗಾಲದಲ್ಲಿ ಪುತ್ತಿಗೆಯ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರ ವಿಜ್ಞಾನ ಅಧ್ಯಾಪಕರು ನನ್ನನ್ನು ಕರೆಸಿಕೊಂಡರು. ಎಂಟನೆಯ ತರಗತಿಯ ಮಕ್ಕಳಿಗೆ ಕಟ್ಟಡಗಳ ಚೌಕಟ್ಟು ಭಾರವನ್ನು ಹೇಗೆ ಹೊರುತ್ತದೆ, ಹೇಗೆ ಬೀಳುತ್ತದೆ ಎಂಬುದನ್ನು ಅವರು ಕಲಿಸಬೇಕಾಗಿತ್ತು. ಪ್ರಯೋಗಗಳು ಸಿದ್ಧವಾಗಿದ್ದವು, ಮಾತು ಸಿದ್ಧವಾಗಿರಲಿಲ್ಲ. ಅವರು ಅನುವಾದಿಸಿಕೊಂಡಿದ್ದ ಟಿಪ್ಪಣಿಯ ಮೊದಲ ವಾಕ್ಯ ಹೀಗಿತ್ತು: “ಅತಿಯಾದ ಒತ್ತಡಕ್ಕೆ ಒಳಗಾದ ರಚನೆಗಳು ವಿಫಲಗೊಳ್ಳುತ್ತವೆ.” ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ದೋಷವೇನೂ ಇಲ್ಲ. ಆದರೆ ಅದನ್ನು ಓದಿ ಹೇಳಿದೊಡನೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಕಟ್ಟಡ ವಿಫಲ ಆಗುವುದೆಂದರೆ ಪರೀಕ್ಷೆಯಲ್ಲಿ ಫೇಲ್ ಆದ ಹಾಗೆಯಾ?” ಎಂದು ಕೇಳಿದ. ತರಗತಿ ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ಪ್ರಶ್ನೆ ನಗುವಂಥದ್ದಲ್ಲ ಎನ್ನಿಸಿತು.

ಕನ್ನಡ ಐಚ್ಛಿಕ ವಿದ್ಯಾರ್ಥಿಗಳಾದ ನಿಮಗೆ ಈ ಪಾಠವೇಕೆ ಎಂದು ಕೇಳಬಹುದು. ನಿಮ್ಮಲ್ಲಿ ಹಲವರು ನಾಳೆ ಬಿ.ಎಡ್. ಮುಗಿಸಿ ಗಡಿನಾಡಿನ ಶಾಲೆಗಳಿಗೆ ಹೋಗುವವರು, ಕೆಲವರು ಅನುವಾದಕ್ಕೆ ಕೈ ಹಾಕುವವರು. ತುಳು, ಮಲೆಯಾಳ, ಹವ್ಯಕ ಕನ್ನಡ, ಕರಾಡ ಮರಾಠಿ, ಕೊಂಕಣಿ, ಬ್ಯಾರಿ, ಹೀಗೆ ಬೇರೆ ಬೇರೆ ಮನೆಮಾತುಗಳಿಂದ ಬಂದು ಕನ್ನಡದಲ್ಲಿ ವಿಜ್ಞಾನ ಓದುವ ಮಕ್ಕಳಿಗೆ ಪದವೇ ಮೊದಲ ಉಪಕರಣ. ನೆರೆಯ ಪುತ್ತೂರಿನಲ್ಲಿದ್ದು ಶಿವರಾಮ ಕಾರಂತರು 1936ರಲ್ಲಿಯೇ ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ತಂದ ಪ್ರದೇಶ ಇದು. ವಿಜ್ಞಾನವನ್ನು ಕನ್ನಡದಲ್ಲಿ ಹೇಳಲಾಗದು ಎಂಬ ಮಾತನ್ನು ನಾವಾದರೂ ಆಡಬಾರದು.

ಮೊದಲು ಚೌಕಟ್ಟು ಯಾವುದು, ಯಾವುದಲ್ಲ ಎಂದು ಬೇರ್ಪಡಿಸಬೇಕು. ನಮ್ಮ ಸುತ್ತಲಿನ ಮುರಕಲ್ಲಿನ ಹಳೆಯ ಮನೆಗಳಲ್ಲಿ ಭಾರ ಹೊರುವುದು ಗೋಡೆ. ಅಲ್ಲಿ ಗೋಡೆಯನ್ನು ಒಡೆದು ಬಾಗಿಲು ಮಾಡುವವನು ಮಾಡಿನ ಭಾರಕ್ಕೆ ಬೇರೆ ದಾರಿ ಮಾಡಿಕೊಡಲೇಬೇಕು. ಸೀತಾಂಗೋಳಿಯ ಪೇಟೆಯಲ್ಲಿ ಈಗ ಏಳುತ್ತಿರುವ ಕಾಂಕ್ರೀಟು ಕಟ್ಟಡಗಳಲ್ಲಿ ಹಾಗಲ್ಲ. ಕಂಬ, ತೊಲೆ, ಹಾಸು ಮೊದಲು ನಿಲ್ಲುತ್ತವೆ. ಗೋಡೆ ಆಮೇಲೆ ನಡುವೆ ತುಂಬುವ ಪರದೆ. ಗೋಡೆಯಿಲ್ಲದೆಯೂ ನಿಲ್ಲುವುದು ಚೌಕಟ್ಟು. ಮಕ್ಕಳಿಗೆ ಇದನ್ನು ತೋರಿಸಲು ಮದುವೆಯ ಚಪ್ಪರ ಸಾಕು. ಅಡಕೆ ಮರದ ಕಂಬ, ಅದರ ಮೇಲೆ ಅಡ್ಡ ಹಾಕಿದ ಸೀಳು, ಅದರ ಮೇಲೆ ಮಡಲು. ಗೋಡೆಯೇ ಇಲ್ಲ, ಆದರೂ ನಿಂತಿದೆ.

ಈ ಚೌಕಟ್ಟಿನ ಭಾಷೆ ನಮ್ಮಲ್ಲಿ ಹಳೆಯದು. ‘ಅಂಕಣ’ ಎಂದರೆ ನಿಮಗೆ ಪತ್ರಿಕೆಯ ಬರಹ ನೆನಪಾಗುತ್ತದೆ. ಆ ಪದದ ಮನೆಯಾದರೋ ಮನೆಯೇ: ಎರಡು ಕಂಬಗಳ ನಡುವಿನ ಜಾಗ ಅಂಕಣ. ಮೂರು ಅಂಕಣದ ಮನೆ, ಐದು ಅಂಕಣದ ಮನೆ ಎಂದು ಮನೆಯ ಅಳತೆಯನ್ನೇ ಅದರಲ್ಲಿ ಹೇಳುತ್ತಿದ್ದರು. ನಾನು ಓದಿದ್ದು ಬೆಳಗಾವಿ ಸೀಮೆಯಲ್ಲಿ, ಮೊದಲು ಮರಾಠಿ ಶಾಲೆ, ಆಮೇಲೆ ಕನ್ನಡ ಶಾಲೆ. ಮರಾಠಿಯಲ್ಲಿ ಇದೇ ಜಾಗಕ್ಕೆ ‘ಖಣ’ ಎನ್ನುತ್ತಾರೆ; ಎರಡು ಖಣದ ಮನೆ ಎಂದು ಅಲ್ಲಿಯೂ ಎಣಿಕೆಯಿದೆ. ಕಂಬ ಅಲ್ಲಿ ‘ಖಾಂಬ’, ತೊಲೆ ಅಲ್ಲಿ ‘ತುಳಈ’. ಸ್ತಂಭ ಕಂಬವಾದದ್ದನ್ನು ನೀವು ತದ್ಭವದ ಪಾಠದಲ್ಲಿ ಓದಿದ್ದೀರಿ. ಕಂಬದ ತಲೆಗೂ ತೊಲೆಗೂ ನಡುವೆ ಇಡುವ ಅಗಲವಾದ ತುಂಡು ‘ಬೋದಿಗೆ’; ಅದು ಅಲಂಕಾರಕ್ಕೆ ಮಾತ್ರ ಇರುವುದಲ್ಲ, ತೊಲೆ ಹಾಯಬೇಕಾದ ದೂರವನ್ನು ಎರಡೂ ಕಡೆಯಿಂದ ಕಡಿಮೆ ಮಾಡುತ್ತದೆ. ‘ಜಂತಿ ಎಣಿಸುವುದು’ ಎಂಬ ನುಡಿಗಟ್ಟನ್ನು ಬಳಸುವ ನೀವು, ಮಲಗಿದವನ ಕಣ್ಣೆದುರಿಗೆ ಇದ್ದದ್ದು ತೊಲೆಯಿಂದ ತೊಲೆಗೆ ಹಾಯುವ ಮರದ ಸಾಲು ಎಂಬುದನ್ನೂ ನೆನೆಯಬೇಕು.

ಈಗ ಭಾರದ ದಾರಿ. ಮಕ್ಕಳಿಗೆ ಮೊದಲು ಅಂಕೆ ಕೊಡಬೇಕು. ಅಂಕೆಯಿಲ್ಲದೆ ಭಾರ ಎಂಬುದು ಕೇವಲ ಶಬ್ದ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಕರಾವಳಿಯ ಮಾಡುಗಳನ್ನು ಹೊದೆದಿರುವ ಹಂಚನ್ನೇ ತೆಗೆದುಕೊಳ್ಳಿ. ಒಂದರ ತೂಕ ಸುಮಾರು ಎರಡೂವರೆ ಕಿಲೋ, ಒಂದು ಚದರ ಮೀಟರಿಗೆ ಸುಮಾರು 15 ಬೇಕು. ಎಂದರೆ ಸುಮಾರು 38 ಕಿಲೋ. ಅದೇ ಜಾಗದಲ್ಲಿ 10 ಸೆಂಟಿಮೀಟರು ದಪ್ಪದ ಕಾಂಕ್ರೀಟು ಹಾಸು ಸುಮಾರು 250 ಕಿಲೋ ತೂಗುತ್ತದೆ. ನಮ್ಮ ಬಯಲುಸೀಮೆಯ ಮಾಳಿಗೆ ಮನೆಯ ಮೇಲ್ಮುದ್ದೆಯ ಮಣ್ಣು ಒಂದು ಅಡಿ ದಪ್ಪವಿದ್ದರೆ ಸುಮಾರು 500 ಕಿಲೋ, ಮಳೆಯಲ್ಲಿ ನೆನೆದರೆ ಅದಕ್ಕಿಂತಲೂ ಹೆಚ್ಚು. ಮಕ್ಕಳು ತಮ್ಮ ತರಗತಿಯ ಉದ್ದಗಲವನ್ನು ಅಳೆದು ಗುಣಿಸಿ ನೋಡಿದರು. ತಲೆಯ ಮೇಲೆ ಹತ್ತು ಟನ್ನಿಗೂ ಮಿಕ್ಕಿ ಭಾರವಿದೆ ಎಂದು ತಿಳಿದಾಗ ಎಲ್ಲರೂ ಒಮ್ಮೆ ಮೇಲೆ ನೋಡಿದರು. ಆ ನೋಟದಿಂದಲೇ ಪಾಠ ಆರಂಭವಾಯಿತು.

ಹಂಚಿನ ಭಾರ ರೀಪಿಗೆ, ರೀಪಿನದು ಪಕ್ಕಾಸಿಗೆ, ಪಕ್ಕಾಸಿನದು ಗೋಡೆಗೆ ಅಥವಾ ಕಂಬಕ್ಕೆ ಇಳಿಯುತ್ತದೆ. ಆದರೆ ಇಳಿಜಾರಾದ ಪಕ್ಕಾಸು ನೇರವಾಗಿ ಕೆಳಕ್ಕೆ ಮಾತ್ರ ಒತ್ತುವುದಿಲ್ಲ, ಹೊರಕ್ಕೂ ತಳ್ಳುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಒಂದೇ ಎತ್ತರದ ಇಬ್ಬರು ಎದುರುಬದುರು ನಿಂತು, ಕಾಲುಗಳನ್ನು ಹಿಂದಕ್ಕೆ ಸರಿಸಿ, ಅಂಗೈಗೆ ಅಂಗೈ ಕೊಟ್ಟು ಒಬ್ಬರ ಮೇಲೊಬ್ಬರು ಒರಗಲಿ. ನುಣ್ಣನೆಯ ನೆಲದಲ್ಲಿ ಕಾಲು ಹಿಂದಕ್ಕೆ ಜಾರತೊಡಗುತ್ತದೆ. ಇಬ್ಬರ ಕಾಲುಗಳನ್ನು ಸೇರಿಸಿ ಒಂದು ಹಗ್ಗ ಕಟ್ಟಿದರೆ ಜಾರುವುದು ನಿಲ್ಲುತ್ತದೆ, ಹಗ್ಗ ಬಿಗಿಯುತ್ತದೆ. ಮಾಡಿನ ಕೆಳಗೆ ಗೋಡೆಯಿಂದ ಗೋಡೆಗೆ ಹಾಯುವ ಅಡ್ಡತೊಲೆ ಆ ಹಗ್ಗ. ನೋಡಲು ಭಾರ ಹೊತ್ತಂತೆ ಕಾಣುವ ಆ ಮರ ನಿಜವಾಗಿ ಎಳೆತದಲ್ಲಿದೆ. “ಜಾಗ ಅಗಲವಾಗಲಿ ಎಂದು ಅದನ್ನು ಕತ್ತರಿಸಿದರೆ?” ಎಂದು ಕೇಳಿದೆವು. ಹಗ್ಗ ಹಿಡಿದಿದ್ದ ಹುಡುಗಿ ಉತ್ತರ ಹೇಳುವ ಬದಲು ಹಗ್ಗವನ್ನು ಬಿಟ್ಟೇಬಿಟ್ಟಳು. ಒರಗಿ ನಿಂತವರಿಬ್ಬರೂ ಕುಳಿತರು.

ಇಲ್ಲಿ ಪದದ ತೊಡಕು ಬಂತು. ಒತ್ತಡ ಎಂಬ ಒಂದೇ ಶಬ್ದವನ್ನು ನಾವು ಗಾಳಿಗೂ, ರಕ್ತಕ್ಕೂ, ಮನಸ್ಸಿಗೂ, ರಾಜಕೀಯಕ್ಕೂ ಬಳಸಿ ಸವೆಸಿದ್ದೇವೆ. ಚೌಕಟ್ಟಿನಲ್ಲಿ ಎರಡು ವಿರುದ್ಧ ಕ್ರಿಯೆಗಳಿವೆ: ಒಂದು ವಸ್ತುವನ್ನು ಅದುಮಿ ಗಿಡ್ಡ ಮಾಡುವುದು, ಇನ್ನೊಂದು ಹಿಗ್ಗಿಸಿ ಉದ್ದ ಮಾಡುವುದು. ಎರಡಕ್ಕೂ ಒತ್ತಡ ಎಂದರೆ ಮಗುವಿಗೆ ಏನೂ ತಿಳಿಯದು. ‘ಸಂಪೀಡನೆ’ ಎಂಬ ಶಾಸ್ತ್ರಪದ ಇದೆ, ಇರಲಿ; ಪರೀಕ್ಷೆಯಲ್ಲಿ ಬರೆಯಬೇಕಾಗುತ್ತದೆ. ಆದರೆ ತಿಳಿಯುವುದು ‘ಒತ್ತು’ ಮತ್ತು ‘ಎಳೆತ’ ಎಂಬ ಜೋಡಿಯಿಂದ. ಮರಾಠಿಯಲ್ಲಿ ದಾಬ, ತಾಣ ಎಂಬ ಚೊಕ್ಕ ಜೋಡಿಯಿದೆ. ಎಳೆತಕ್ಕೆ ಅವರು ‘ತಾಣ’ ಎನ್ನುತ್ತಾರೆ. ನಮ್ಮ ತಾಣ ಎಂದರೆ ಸ್ಥಳ. ಎರಡೂ ಶಾಲೆಗಳ ನಡುವೆ ಓಡಾಡುತ್ತಿದ್ದ ನಾನು ಒಮ್ಮೆ ಹಗ್ಗದಲ್ಲಿ ತಾಣವಿದೆ ಎಂದು ಬರೆದು ಕನ್ನಡ ಮೇಷ್ಟ್ರಿಂದ ಕಿವಿ ಹಿಂಡಿಸಿಕೊಂಡಿದ್ದೇನೆ. ‘ಜಗ್ಗು’ ಎಂಬುದೂ ಹಾಗೆಯೇ. ಬೆಳಗಾವಿಯ ಕಡೆ ಜಗ್ಗು ಎಂದರೆ ಎಳೆ. ಇಲ್ಲಿಯ ಮಕ್ಕಳಿಗೆ ಭಾರಕ್ಕೆ ತೊಲೆ ಕೆಳಕ್ಕೆ ಜೋತರೆ ಅದು ಜಗ್ಗಿದೆ. ನಿಘಂಟಿನಲ್ಲಿ ಎರಡೂ ಅರ್ಥಗಳಿವೆ. ತರಗತಿಯಲ್ಲಿ ನಾವು ಎರಡನೆಯದನ್ನೇ ಉಳಿಸಿಕೊಂಡೆವು.

ತೊಲೆ ಜಗ್ಗುವಾಗ ಅದರ ಒಳಗೆ ನಡೆಯುವುದು ಇನ್ನೂ ಸ್ವಾರಸ್ಯಕರ. ಉದ್ದನೆಯ ಸ್ಪಂಜಿನ ಪಕ್ಕದಲ್ಲಿ ಪೆನ್ನಿನಿಂದ ನೆಟ್ಟನೆಯ ಗೆರೆಗಳನ್ನು ಎಳೆದು, ಎರಡು ಪುಸ್ತಕಗಳ ಮೇಲಿಟ್ಟು ನಡುವೆ ಒತ್ತಿದರೆ ಗೆರೆಗಳು ಮೇಲ್ಗಡೆ ಹತ್ತಿರವಾಗುತ್ತವೆ, ಕೆಳಗಡೆ ದೂರವಾಗುತ್ತವೆ. ಒಂದೇ ತೊಲೆಯ ನೆತ್ತಿಯಲ್ಲಿ ಒತ್ತು, ಹೊಟ್ಟೆಯಲ್ಲಿ ಎಳೆತ. ಮರ ಎರಡನ್ನೂ ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ. ಕಾಂಕ್ರೀಟು ಹಾಗಲ್ಲ. ಅದರ ಸ್ವಭಾವವನ್ನು ತೋರಿಸಲು ಸೀಮೆಸುಣ್ಣಕ್ಕಿಂತ ಒಳ್ಳೆಯ ಸಾಧನವಿಲ್ಲ: ನಿಲ್ಲಿಸಿ ಒತ್ತಿದರೆ ಜಗ್ಗದು, ಬಾಗಿಸಿದರೆ ಟಕ್ಕನೆ ತುಂಡು. ಒತ್ತನ್ನು ತಾಳುವ ಶಕ್ತಿಯ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಎಳೆತವನ್ನು ಕಾಂಕ್ರೀಟು ತಾಳಬಲ್ಲುದು. ಆದ್ದರಿಂದ ಎಳೆತವಿರುವ ಕಡೆ ಕಬ್ಬಿಣದ ಸರಳು ಹಾಕುತ್ತಾರೆ. ತೊಲೆಯ ನಡುಭಾಗದಲ್ಲಾದರೆ ಕೆಳಗೆ. ಹಾಗಾದರೆ ಕಿಟಿಕಿಯ ಮೇಲಿನ ಸನ್‌ಶೇಡಿನಲ್ಲಿ? ಅದು ಒಂದೇ ಕಡೆ ಆಧಾರವಿದ್ದು ಹೊರಕ್ಕೆ ಚಾಚಿದ ಹಾಸು. ಕೈಯನ್ನು ಮುಂದಕ್ಕೆ ಚಾಚಿ ಅಂಗೈಯಲ್ಲಿ ಪುಸ್ತಕ ಇಟ್ಟುಕೊಂಡರೆ ನೋವು ಹೆಗಲ ಮೇಲ್ಭಾಗಕ್ಕೆ ಬರುತ್ತದೆ. ಅಲ್ಲಿಯೂ ಹಾಗೆ, ಎಳೆತ ಮೇಲ್ಗಡೆ. ಸರಳನ್ನು ಮೇಲ್ಗಡೆಯೇ ಇಟ್ಟಿದ್ದರೂ ಕಾಂಕ್ರೀಟು ಹಾಕುವಾಗ ಅದರ ಮೇಲೆ ನಡೆದಾಡಿ ತುಳಿದರೆ ಅದು ತಳಕ್ಕೆ ಇಳಿಯುತ್ತದೆ. ಕಬ್ಬಿಣದ ಲೆಕ್ಕ ಸರಿಯಾಗಿಯೇ ಇದ್ದು ಸನ್‌ಶೇಡು ಮಾತ್ರ ಬೀಳುವುದು ಹೀಗೆ.

ಒಂದು ಸಣ್ಣ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅಳತೆಪಟ್ಟಿಯನ್ನು ಮಲಗಿಸಿ ಬಾಗಿಸಿದರೆ ಬಾಗುತ್ತದೆ, ಅಂಚಿನ ಮೇಲೆ ನಿಲ್ಲಿಸಿದರೆ ಬಾಗುವುದಿಲ್ಲ. ತೊಲೆಯ ಆಳ ಇಮ್ಮಡಿಯಾದರೆ ಅದರ ಬಲ ನಾಲ್ಕು ಪಟ್ಟು. ಪಕ್ಕಾಸನ್ನು ಅಂಚಿನ ಮೇಲೆ ನಿಲ್ಲಿಸಿ ಹೊಡೆಯುವ ಬಡಗಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಕಂಬ. ಕಂಬಕ್ಕೆ ಒತ್ತು ಮಾತ್ರ. ಹಾಗಾದರೆ ಅದು ಜಜ್ಜಿಹೋಗಿಯೇ ಬೀಳಬೇಕು ಎಂದು ಮಕ್ಕಳು ಊಹಿಸಿದ್ದರು. ಹಿಡಿಸೂಡಿಯ ಕಡ್ಡಿಯೊಂದನ್ನು ಅಡಿಗೆಮನೆಯ ತಕ್ಕಡಿಯ ಮೇಲೆ ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಬೆರಳಿನಲ್ಲಿ ಒತ್ತಿ ನೋಡಿ. ಅದು ಜಜ್ಜುವುದೂ ಇಲ್ಲ, ಮುರಿಯುವುದೂ ಇಲ್ಲ. ಒಂದು ಹಂತದಲ್ಲಿ ಇದ್ದಕ್ಕಿದ್ದಂತೆ ಪಕ್ಕಕ್ಕೆ ತಪ್ಪಿಸಿಕೊಳ್ಳುತ್ತದೆ. ಅದೇ ಕಡ್ಡಿಯನ್ನು ಅರ್ಧಕ್ಕೆ ಕತ್ತರಿಸಿ ಒತ್ತಿದರೆ ಸುಮಾರು ನಾಲ್ಕು ಪಟ್ಟು ಭಾರ ತಾಳುತ್ತದೆ. ಹದಿನೆಂಟನೆಯ ಶತಮಾನದ ಗಣಿತಜ್ಞ ಲಿಯೊನ್‌ಹಾರ್ಡ್ ಆಯ್ಲರ್ ಕಂಡುಕೊಂಡ ನಿಯಮವಿದು: ಉದ್ದ ಇಮ್ಮಡಿಯಾದರೆ ತಾಳಿಕೆ ಕಾಲುಭಾಗಕ್ಕೆ ಇಳಿಯುತ್ತದೆ. ತೆಂಗಿನ ಕಡ್ಡಿ ಬುಡದಿಂದ ತುದಿಗೆ ಸಪೂರವಾಗುವುದರಿಂದ ನಮ್ಮ ಲೆಕ್ಕ ಮೂರರಿಂದ ಐದರವರೆಗೆ ಓಲಾಡಿತು. ಪರವಾಗಿಲ್ಲ.

ಈ ಪಕ್ಕಕ್ಕೆ ತಪ್ಪಿಸಿಕೊಳ್ಳುವ ಕ್ರಿಯೆಗೆ ಏನು ಹೇಳುವುದು? ಟಿಪ್ಪಣಿಯಲ್ಲಿ ‘ಬಾಗುವಿಕೆ’ ಎಂದಿತ್ತು. ಆದರೆ ತೊಲೆ ಬಾಗುವುದು ಅಡ್ಡಲಾಗಿ ಬಿದ್ದ ಭಾರಕ್ಕೆ, ಮೆಲ್ಲಮೆಲ್ಲಗೆ, ಭಾರ ಹೆಚ್ಚಿದಷ್ಟು. ಕಂಬ ಹಾಗಲ್ಲ, ನೆತ್ತಿಯ ಭಾರಕ್ಕೆ, ಒಮ್ಮೆಗೇ. ಎರಡಕ್ಕೂ ಒಂದೇ ಪದವಾದರೆ ಭೇದವೇ ಅಳಿಸಿಹೋಗುತ್ತದೆ. ಡೊಂಕಾಗು, ಸೊಟ್ಟಗಾಗು ಎಂದೆಲ್ಲ ಯೋಚಿಸಿದ ಮೇಲೆ ನಾನು ‘ಬಳುಕು’ ಎಂದು ಸೂಚಿಸಿದೆ. ಅಧ್ಯಾಪಕರು ಹುಬ್ಬೇರಿಸಿದರು, ಅದು ನಡುವಿಗೂ ಬಳ್ಳಿಗೂ ಕವಿಗಳು ಬಳಸುವ ಪದವಲ್ಲವೇ ಎಂದರು. ಹೌದು, ಅದಕ್ಕಾಗಿಯೇ. ಕಾವ್ಯದಲ್ಲಿ ಬಳುಕುವುದು ತೆಳ್ಳಗೆ ಉದ್ದವಾಗಿ ಇರುವುದು ಮಾತ್ರ. ದಪ್ಪನೆಯದು ಎಲ್ಲಿಯೂ ಬಳುಕುವುದಿಲ್ಲ. ಆಯ್ಲರ್ ಸೂತ್ರದ ಅರ್ಧ ಭಾಗ ಆ ಕ್ರಿಯಾಪದದಲ್ಲಿಯೇ ಇದೆ.

2022ರ ಅಕ್ಟೋಬರ್ 29ರ ಬೆಳಗಿನ ಜಾವ ನಮ್ಮ ಜಿಲ್ಲೆಯ ಪೆರಿಯದಲ್ಲಿ, ರಾಷ್ಟ್ರೀಯ ಹೆದ್ದಾರಿಯ ಕಾಮಗಾರಿಯಲ್ಲಿ, ಕಾಂಕ್ರೀಟು ಹಾಕುತ್ತಿದ್ದ ಸೇತುವೆಯ ಭಾಗವೊಂದು ತನ್ನ ಕೆಳಗಿನ ಆಧಾರ ಸಮೇತ ಬಿದ್ದುದು ನಿಮಗೆ ನೆನಪಿರಬಹುದು. ತಪ್ಪು ಯಾರದು ಎಂಬುದು ಪಾಠದ ವಿಷಯವಲ್ಲ. ಮಕ್ಕಳು ತಿಳಿಯಬೇಕಾದದ್ದು ಇಷ್ಟು: ಹಸಿ ಕಾಂಕ್ರೀಟಿಗೆ ಭಾರವಿದೆ, ಬಲವಿಲ್ಲ. ಒಂದು ಘನ ಮೀಟರು ಸುಮಾರು ಎರಡೂವರೆ ಟನ್ನು ತೂಗುತ್ತದೆ. ಅದು ಗಟ್ಟಿಯಾಗುವವರೆಗೆ ಎಲ್ಲವನ್ನೂ ಹೊರುವುದು ಕೆಳಗಿನ ತಾತ್ಕಾಲಿಕ ಚೌಕಟ್ಟು. ಅಲ್ಲಿರುವ ಊರುಗೋಲುಗಳೆಲ್ಲ ಉದ್ದನೆಯ ಸಪೂರ ಕಂಬಗಳು. ನಡುವೆ ಒಂದು ಅಡ್ಡಪಟ್ಟಿ ಬಿಗಿದರೆ ಬಳುಕುವ ಉದ್ದ ಅರ್ಧವಾಗಿ ತಾಳಿಕೆ ನಾಲ್ಕು ಪಟ್ಟಾಗುತ್ತದೆ. ಆ ಅಡ್ಡಪಟ್ಟಿ ಭಾರ ಹೊರುವುದಿಲ್ಲ, ಆದ್ದರಿಂದ ಕೆಲಸದ ಅವಸರದಲ್ಲಿ ಅದು ಬೇಡವೆನ್ನಿಸುತ್ತದೆ.

ಹಾಗೆಯೇ ಬೇಡವೆನ್ನಿಸುವ ಇನ್ನೊಂದು ಭಾಗ ಓರೆಪಟ್ಟಿ. ನಾಲ್ಕು ಕಡ್ಡಿಗಳನ್ನು ದಾರದಿಂದ ಕಟ್ಟಿ ಚೌಕ ಮಾಡಿದರೆ ಮೇಲಿನಿಂದ ಒತ್ತಿದಾಗ ನಿಲ್ಲುತ್ತದೆ, ಪಕ್ಕದಿಂದ ತಳ್ಳಿದರೆ ಒಂದೂ ಕಡ್ಡಿ ಮುರಿಯದೆ ವಾಲಿ ಮಲಗುತ್ತದೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಒಂದು ಕಡ್ಡಿ ಕಟ್ಟಿದರೆ ಎರಡು ತ್ರಿಕೋನಗಳಾಗಿ ಸೆಟೆದು ನಿಲ್ಲುತ್ತದೆ. ಕಾಂಕ್ರೀಟಿನಲ್ಲಿ ಓರೆಪಟ್ಟಿಯ ಬದಲು ಕಂಬ ತೊಲೆಗಳ ಸಂಧಿಯನ್ನೇ ಬಿಗಿ ಮಾಡುತ್ತಾರೆ; ನಡುವೆ ತುಂಬಿದ ಗೋಡೆಯೂ ತನಗೆ ಗೊತ್ತಿಲ್ಲದೆಯೇ ಆ ಕೆಲಸ ಮಾಡುತ್ತಿರುತ್ತದೆ. 2001ರ ಜನವರಿ 26ರ ಗುಜರಾತಿನ ಭೂಕಂಪದಲ್ಲಿ ಅಹಮದಾಬಾದಿನ ಹಲವು ಬಹುಮಹಡಿ ಕಟ್ಟಡಗಳು ಬಿದ್ದವು. ವಾಹನ ನಿಲ್ಲಿಸಲೆಂದು ನೆಲಮಹಡಿಯನ್ನು ಗೋಡೆಯಿಲ್ಲದೆ ಬಿಟ್ಟ ಕಟ್ಟಡಗಳು ಅವುಗಳಲ್ಲಿ ಎದ್ದು ಕಾಣುತ್ತಿದ್ದವು. ಮೇಲಿನ ಮಹಡಿಗಳು ಪೆಟ್ಟಿಗೆಯಂತೆ ಬಿಗಿ, ಕೆಳಗೆ ಬರಿಯ ಕಾಲು.

ಮೇಲ್ಮುದ್ದೆಯ ಅಂಕೆಯನ್ನು ಹೇಳಿದೆನಲ್ಲ, ಅದರ ಹಿಂದೆ ಒಂದು ನೆನಪಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾದಾಗ ನಾನು ವಿದ್ಯಾರ್ಥಿ. ದಿನಗಟ್ಟಲೆ ಮರಾಠಿ ಪತ್ರಿಕೆಗಳನ್ನು ಓದಿದೆ. ಸಾವಿರಾರು ಜನ ಸತ್ತದ್ದು ಹೆಚ್ಚಾಗಿ ಕಲ್ಲು ಮಣ್ಣಿನ ದಪ್ಪ ಗೋಡೆಗಳ ಕೆಳಗೆ, ಮಣ್ಣಿನ ಮಾಳಿಗೆಗಳ ಕೆಳಗೆ. ಆದರೆ ಗೋಡೆಯೆಲ್ಲ ಕಳಚಿ ಬಿದ್ದು, ಮರದ ಕಂಬ ತೊಲೆಗಳ ಖಣಗಳು ಮಾತ್ರ ಬತ್ತಲಾಗಿ ನಿಂತ ಮನೆಗಳೂ ಅಲ್ಲಿದ್ದವು. ಮನೆಯೊಳಗೆ ಇನ್ನೊಂದು ಮನೆ ಇತ್ತೆಂಬುದು ಗೋಡೆ ಬಿದ್ದ ಮೇಲೆ ಕಂಡಿತು. ಅಂಕಣ ಎಂಬ ಪದವನ್ನು ನಾನು ಇಷ್ಟು ಹಚ್ಚಿಕೊಂಡಿರುವುದಕ್ಕೆ ಅದೂ ಒಂದು ಕಾರಣವಿರಬೇಕು.

ಪತ್ರಿಕೆಗಳ ಮಾತು ಬಂತು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದಲ್ಲಿದ್ದ ಬಹುಮಹಡಿ ಕಟ್ಟಡ ಬಿದ್ದು 19 ಜನ ಸತ್ತರು. ‘ಕಟ್ಟಡ ಕುಸಿತ’ ಎಂದು ತಲೆಬರಹಗಳು ಬಂದವು. 1983ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗಂಗಾರಾಮ್ ಕಟ್ಟಡ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತಾಗಿನ ಪದವೂ ಅದೇ. ಕುಸಿತ ಎಂಬುದು ಕೊನೆಯ ಕ್ರಿಯೆ. ಕುಸಿಯುವ ಮೊದಲು ಎಲ್ಲಿಯೋ ಒಂದು ಕಂಬ ಬಳುಕಿರುತ್ತದೆ ಅಥವಾ ಜಜ್ಜಿರುತ್ತದೆ, ಒಂದು ತೊಲೆ ಜಗ್ಗಿರುತ್ತದೆ, ಒಂದು ಸಂಧಿ ಕಳಚಿರುತ್ತದೆ, ಒಂದು ತಳಪಾಯ ಹುಗಿದಿರುತ್ತದೆ. ಸುದ್ದಿಯ ಭಾಷೆ ಅವನ್ನೆಲ್ಲ ನುಂಗಿ ಒಂದೇ ನಾಮಪದವನ್ನು ಉಳಿಸುತ್ತದೆ. ಮಗುವಿನ ಮನಸ್ಸಿನಲ್ಲಿ ಕಟ್ಟಡ ಎಂಬುದು ಸುಮ್ಮನೆ ನಿಂತಿದ್ದು ಒಂದು ದಿನ ಕುಸಿಯುವ ವಸ್ತುವಾಗುತ್ತದೆ, ಸಿಡಿಲಿನ ಹಾಗೆ. ಎಂಜಿನಿಯರುಗಳಾದರೋ ಯಾವುದು ಮೊದಲು ಸೋಲಬೇಕು ಎಂಬುದನ್ನೂ ಮುಂದಾಗಿ ನಿಶ್ಚಯಿಸುತ್ತಾರೆ. ತೊಲೆ ಮೊದಲು ಸೋಲಲಿ, ಕಂಬ ಕೊನೆಗೆ ಎಂಬುದು ಭೂಕಂಪಕ್ಕೆ ಕಟ್ಟುವವರ ಸೂತ್ರ. ಸರಿಯಾಗಿ ಸರಳು ಹಾಕಿದ ತೊಲೆ ಬಿರಿದು, ಜಗ್ಗಿ, ಕಣ್ಣಿಗೆ ಕಂಡು, ಆಮೇಲೆ ಬೀಳುತ್ತದೆ; ಜನ ಹೊರಗೆ ಓಡಲು ಹೊತ್ತು ಕೊಡುತ್ತದೆ. ಕಂಬ ಕೊಡುವುದಿಲ್ಲ.

ಕೊಚ್ಚಿಯ ಪಾಲಾರಿವಟ್ಟಂ ಮೇಲ್ಸೇತುವೆಯನ್ನು ಇಲ್ಲಿ ನೆನೆಯಬಹುದು. 2016ರಲ್ಲಿ ತೆರೆದ ಆ ಸೇತುವೆಯಲ್ಲಿ ಬಿರುಕುಗಳು ಕಂಡವು; 2019ರ ಮೇ ತಿಂಗಳಲ್ಲಿ ಮುಚ್ಚಿದರು, ಕೆಡವಿ ಕಟ್ಟಿದರು, 2021ರ ಮಾರ್ಚಿನಲ್ಲಿ ಮತ್ತೆ ತೆರೆದರು. ಅದು ಬೀಳಲಿಲ್ಲ, ಆದ್ದರಿಂದ ಅದರ ಹೆಸರಿನೊಂದಿಗೆ ಸಾವಿನ ಸಂಖ್ಯೆಯಿಲ್ಲ. ಯಾರೋ ಬಿರುಕನ್ನು ನೋಡಿ ಬಿರುಕು ಎಂದು ಬರೆದಿದ್ದರು.

‘ಬಿರಿ’ ಎಂಬುದೂ ಕವಿಗಳ ಪದವೇ, ಹೂವು ಬಿರಿಯುತ್ತದೆ. ಬಿರಿದದ್ದು ಬಿರುಕು. ಸಮುದ್ರ ಹತ್ತಿರವಿರುವ ನಮ್ಮ ಕಡೆ ಉಪ್ಪಿನ ಗಾಳಿಗೂ ಮಳೆಗೂ ಒಳಗಿನ ಸರಳು ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಕು, ಆದ್ದರಿಂದ ಅದು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಬಿರಿಯಿಸುತ್ತದೆ. ಸರಳಿನ ಉದ್ದಕ್ಕೂ ಓಡುವ ಕಂದು ಕಲೆಯ ಬಿರುಕು ಕಂಡರೆ ಅದು ಗಾರೆಯ ಮೇಲಿನ ಕೂದಲೆಳೆಯಂಥ ಬಿರುಕಲ್ಲ ಎಂದು ಮಕ್ಕಳು ಗುರುತಿಸಬೇಕು. ಎಲ್ಲ ಬಿರುಕೂ ಅಪಾಯವಲ್ಲ. ಬೆಳೆಯುವ ಬಿರುಕು ಅಪಾಯ. ಬೆಳೆಯುತ್ತಿದೆಯೇ ಎಂದು ತಿಳಿಯಲು ಅದರ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ ದಿನಾಂಕ ಬರೆಯಬೇಕು, ಅಡ್ಡಲಾಗಿ ಒಂದು ತೆಳುವಾದ ಕಾಗದದ ಪಟ್ಟಿಯನ್ನು ಅಂಟಿಸಬೇಕು.

ಮಕ್ಕಳು ಜೂನಿನಲ್ಲಿ ಶಾಲೆಯಲ್ಲೆಲ್ಲ ಅಲೆದು, ಕೈಗೆ ಎಟುಕುವ ಕಡೆ ಹನ್ನೊಂದು ಪಟ್ಟಿಗಳನ್ನು ಅಂಟಿಸಿದರು. ಪ್ರತಿಯೊಂದಕ್ಕೂ ಪುಸ್ತಕದಲ್ಲಿ ಒಂದು ಪುಟ. ನಿಯಮ ಒಂದೇ: ‘ವಿಫಲ’ ಮತ್ತು ‘ಒತ್ತಡ’ ಎಂಬ ಪದಗಳನ್ನು ಬಳಸಕೂಡದು, ಕಂಡದ್ದಕ್ಕೆ ಸರಿಯಾದ ಕ್ರಿಯಾಪದ ಬರೆಯಬೇಕು. ಒಂದು ಪಟ್ಟಿಯನ್ನು ಮಳೆನೀರು ಬಿಡಿಸಿತು, ಒಂದನ್ನು ಯಾರೋ ಕಿತ್ತರು. ಆಗಸ್ಟಿನಲ್ಲಿ ನಾನು ಮತ್ತೆ ಹೋದಾಗ ಉಳಿದವುಗಳಲ್ಲಿ ಎಂಟು ಹಾಗೆಯೇ ಇದ್ದವು. ಹಿಂಬದಿಯ ಉಗ್ರಾಣದ ಕಿಟಿಕಿಯ ಮೇಲೆ, ಸನ್‌ಶೇಡು ಗೋಡೆಗೆ ಕೂಡುವಲ್ಲಿ ಅಂಟಿಸಿದ್ದ ಒಂದು ಹರಿದಿತ್ತು. ಅದರ ಕೆಳಗೆ ಮಕ್ಕಳು ನಿಲ್ಲದಂತೆ ಮುಖ್ಯೋಪಾಧ್ಯಾಯರು ಹಗ್ಗ ಕಟ್ಟಿಸಿದ್ದರು, ಮೇಸ್ತ್ರಿಗೆ ಹೇಳಿ ಕಳುಹಿಸಿದ್ದರು. ಪುಸ್ತಕದ ಆ ಪುಟವನ್ನು ಬರೆದವನು ಪರೀಕ್ಷೆಯ ಪ್ರಶ್ನೆ ಕೇಳಿದ್ದ ಹಿಂದಿನ ಬೆಂಚಿನ ಹುಡುಗನೇ: “ಮೇಲ್ಗಡೆ ಬಿರಿದಿದೆ. ತುದಿ ಒಂದು ಬೆರಳು ಜಗ್ಗಿದೆ. ಇನ್ನೂ ಬಿದ್ದಿಲ್ಲ.”